ಒಂದೇ ಒಂದು ಚಪ್ಪಾಳೆಗೆ ಆವೃತ್ತಿ ಎಷ್ಟು?

ಪ್ರಶ್ನೆ

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಶಬ್ದದ ಪಾಠ ಹೇಳಿಕೊಡಲು ಕುಳಿತು ನಾನೇ ಗೊಂದಲಕ್ಕೆ ಬಿದ್ದಿದ್ದೇನೆ. ಪದವಿಯಲ್ಲಿ ಭೌತಶಾಸ್ತ್ರ ಓದಿ ಇಪ್ಪತ್ತು ವರ್ಷಗಳಾಗಿವೆ. ಸೂತ್ರಗಳೇನೋ ನೆನಪಿವೆ, ಆದರೆ ಅವಳು ಕೇಳುವ ಪ್ರಶ್ನೆಗಳಿಗೆ ಆ ಸೂತ್ರಗಳಿಂದ ಉತ್ತರ ಹೊರಡುತ್ತಿಲ್ಲ.

ಸ್ಲಿಂಕಿ ಸುರುಳಿಯನ್ನು ನೆಲದ ಮೇಲೆ ಸುಮಾರು ಎರಡು ಮೀಟರ್ ಎಳೆದು, ಒಂದು ತುದಿಯನ್ನು ಅವಳ ಕೈಗೆ ಬಿಗಿಯಾಗಿ ಹಿಡಿಯಲು ಕೊಟ್ಟು, ಇನ್ನೊಂದು ತುದಿಯನ್ನು ನಾನು ಒಮ್ಮೆ ಮುಂದಕ್ಕೆ ತಳ್ಳಿ ಹಾಗೆಯೇ ಹಿಡಿದುಕೊಂಡೆ. ಸುತ್ತುಗಳು ಒತ್ತೊತ್ತಾಗಿ ಸೇರಿದ ಒಂದು ಜಾಗ ಅವಳ ಕೈವರೆಗೆ ಓಡಿ, ಅಲ್ಲಿಂದ ನನ್ನತ್ತ ಮರಳಿ ಬಂತು. ಮೆಲ್ಲಗೆ ತಳ್ಳಿದಾಗಲೂ ಜೋರಾಗಿ ತಳ್ಳಿದಾಗಲೂ ಅದು ತೆಗೆದುಕೊಂಡ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. “ಜೋರಾಗಿ ಎಸೆದ ಚೆಂಡು ಬೇಗ ತಲುಪುತ್ತದೆ, ಜೋರಾಗಿ ಕೂಗಿದ ಕೂಗು ಯಾಕೆ ಬೇಗ ತಲುಪುವುದಿಲ್ಲ?” ಎಂದು ಅವಳು ಕೇಳಿದಾಗ, ವೇಗವು ಮಾಧ್ಯಮವನ್ನು ಅವಲಂಬಿಸಿದೆ ಎಂಬ ಪುಸ್ತಕದ ಮಾತನ್ನಷ್ಟೇ ಹೇಳಿದೆ. ಅದು ಅವಳಿಗೂ ಸಾಕೆನಿಸಲಿಲ್ಲ, ನನಗೂ ಅನಿಸಲಿಲ್ಲ.

ಆಮೇಲೆ ಒಂದು ಚಪ್ಪಾಳೆ ತಟ್ಟಿ ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಆಲೇಖವನ್ನು ಹಿಗ್ಗಿಸಿ ನೋಡಿದೆವು. ಪುಸ್ತಕದಲ್ಲಿರುವಂತೆ ಒಂದೇ ಸಮನೆ ಏರಿ ಇಳಿಯುವ ಗೆರೆ ಅಲ್ಲಿರಲಿಲ್ಲ. ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡ್ಡಾದಿಡ್ಡಿಯಾಗಿ ಎದ್ದು ಅಡಗುವ ಒಂದು ಮುಳ್ಳು ಮಾತ್ರ ಇತ್ತು. ಶಬ್ದವೆಂದರೆ ತರಂಗ, ತರಂಗಕ್ಕೆ ಆವೃತ್ತಿ (ಸೆಕೆಂಡಿಗೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬ ಅಳತೆ) ಇರಲೇಬೇಕು ಎನ್ನುವುದಾದರೆ ಈ ಚಪ್ಪಾಳೆಯ ಆವೃತ್ತಿ ಎಷ್ಟು?

ಕೊನೆಯದು ನನ್ನದೇ ಸಂದೇಹ. ಗೋಡೆಗೆ ಕಟ್ಟಿದ ಹಗ್ಗದಲ್ಲಿ ಒಂದು ಸ್ಪಂದವನ್ನು, ಅಂದರೆ ಒಂದೇ ಒಂದು ಕದಲಿಕೆಯನ್ನು, ಕಳುಹಿಸಿದರೆ ಅದು ತಲೆಕೆಳಗಾಗಿ ಮರಳುತ್ತದೆ ಎಂದು ಓದಿದ್ದೇವೆ. ಹಾಗಿದ್ದರೆ ಗೋಡೆಗೆ ಬಡಿದ ಶಬ್ದದ ಸಂಪೀಡನವು (ಗಾಳಿ ಒತ್ತೊತ್ತಾದ ಭಾಗ) ವಿರಳನವಾಗಿ (ಗಾಳಿ ತೆಳುವಾದ ಭಾಗವಾಗಿ) ಮರಳುತ್ತದೆಯೇ?

ಉತ್ತರ 1

ಮಗಳು ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂರರಲ್ಲಿ ಅದೇ ಮೂಲಭೂತವಾದದ್ದು. ಚೆಂಡಿನ ಹೋಲಿಕೆ ದಾರಿ ತಪ್ಪಿಸುವುದು ಒಂದು ಕಾರಣಕ್ಕೆ: ಚೆಂಡು ಎಸೆದಾಗ ಕೈಯಲ್ಲಿದ್ದ ವಸ್ತುವೇ ಗುರಿಯನ್ನು ತಲುಪುತ್ತದೆ, ಕೂಗಿದಾಗ ಬಾಯಿಯ ಮುಂದಿನ ಗಾಳಿ ಕೇಳುವವರ ಕಿವಿಯವರೆಗೆ ಹೋಗುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ವೇಗಗಳಿವೆ. ಒಂದು, ಗಾಳಿಯ ಪುಟ್ಟ ಪದರವೊಂದು ತಾನಿದ್ದಲ್ಲೇ ಹಿಂದೆ ಮುಂದೆ ಓಲಾಡುವ ವೇಗ. ಇನ್ನೊಂದು, ಆ ಓಲಾಟದ ಸುದ್ದಿ ಪದರದಿಂದ ಪದರಕ್ಕೆ ದಾಟುವ ವೇಗ. ಜೋರಾಗಿ ಕೂಗಿದಾಗ ಹೆಚ್ಚುವುದು ಮೊದಲನೆಯದು, ಎರಡನೆಯದಲ್ಲ.

ಅಂಕಿಗಳಲ್ಲಿ ನೋಡಿದರೆ ಇವೆರಡರ ನಡುವಿನ ಅಂತರ ಬೆರಗು ಹುಟ್ಟಿಸುತ್ತದೆ. ಸಾಮಾನ್ಯ ಮಾತುಕತೆಯ ಮಟ್ಟ ಸುಮಾರು 60 ಡೆಸಿಬೆಲ್. ಆಗ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ ಸುಮಾರು 0.02 ಪಾಸ್ಕಲ್ ಮಾತ್ರ. ವಾತಾವರಣದ ಒತ್ತಡವಾದ 1,01,325 ಪಾಸ್ಕಲ್‌ಗೆ ಹೋಲಿಸಿದರೆ ಇದು ಐವತ್ತು ಲಕ್ಷದಲ್ಲಿ ಒಂದು ಪಾಲು. ಗಾಳಿಯ ಪದರ ಓಲಾಡುವ ವೇಗ ಸೆಕೆಂಡಿಗೆ ಸುಮಾರು 0.05 ಮಿಲಿಮೀಟರ್, ಅಂದರೆ ಬಸವನಹುಳುವಿನ ನಡಿಗೆಗಿಂತಲೂ ನಿಧಾನ. ಕೂಗಿ 80 ಡೆಸಿಬೆಲ್‌ಗೆ ಏರಿಸಿದರೆ ಅದು ಹತ್ತು ಪಟ್ಟಾಗಿ ಅರ್ಧ ಮಿಲಿಮೀಟರ್ ಆಗುತ್ತದೆ. ಸುದ್ದಿ ದಾಟುವ ವೇಗ ಮಾತ್ರ ಎರಡೂ ಸಂದರ್ಭದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸೆಕೆಂಡಿಗೆ 343 ಮೀಟರ್.

ಈ ಎರಡನೆಯ ವೇಗವನ್ನು ನಿರ್ಧರಿಸುವುದು ಯಾವುದು? ಒಂದು ಪದರವನ್ನು ಒತ್ತಿದಾಗ ಅದು ಎಷ್ಟು ಬಿರುಸಾಗಿ ಮರಳಿ ಒತ್ತುತ್ತದೆ, ಮತ್ತು ಪಕ್ಕದ ಪದರ ಕದಲಲು ಎಷ್ಟು ಮೊಂಡಾಟ ಮಾಡುತ್ತದೆ ಎಂಬ ಎರಡೇ ಸಂಗತಿಗಳು. ಮೊದಲನೆಯದು ಸ್ಥಿತಿಸ್ಥಾಪಕತೆ, ಎರಡನೆಯದು ಸಾಂದ್ರತೆ. ಇಮ್ಮಡಿ ಬಲದಿಂದ ತಳ್ಳಿದರೆ ಇಮ್ಮಡಿ ಸಂಕೋಚನವಾಗುತ್ತದೆ, ಮರಳಿ ಒತ್ತುವ ಬಲವೂ ಇಮ್ಮಡಿಯಾಗುತ್ತದೆ, ಆದರೆ ಆ ಬಲ ಕದಲಿಸಬೇಕಾದ ದೂರವೂ ಇಮ್ಮಡಿಯಾಗಿರುವುದರಿಂದ ಸಮಯ ಅಷ್ಟೇ ಉಳಿಯುತ್ತದೆ. ನಿಮ್ಮ ಸ್ಲಿಂಕಿಯಲ್ಲಿ ನಡೆದದ್ದೂ ಇದೇ. ಸಾಧ್ಯವಾದರೆ ಅದನ್ನು ಎರಡರ ಬದಲು ಮೂರು ಮೀಟರ್ ಎಳೆದು ನೋಡಿ: ಸ್ಪಂದ ಆ ತುದಿ ಮುಟ್ಟಲು ತೆಗೆದುಕೊಳ್ಳುವ ಸಮಯ ಹೆಚ್ಚು ಕಡಿಮೆ ಮೊದಲಿನಷ್ಟೇ ಇರುತ್ತದೆ. ಎಳೆದಷ್ಟೂ ಬಿಗಿತ ಹೆಚ್ಚಿ, ಪ್ರತಿ ಮೀಟರಿನಲ್ಲಿರುವ ಲೋಹ ಕಡಿಮೆಯಾಗಿ, ಹೆಚ್ಚಿದ ದೂರಕ್ಕೆ ಸರಿಯಾಗಿ ವೇಗವೂ ಹೆಚ್ಚುವುದರಿಂದ ಹೀಗಾಗುತ್ತದೆ.

ಈ ಲೆಕ್ಕವನ್ನು ಗಾಳಿಗೆ ಮೊದಲು ಹಾಕಿದವರು ನ್ಯೂಟನ್. 1687ರ ‘ಪ್ರಿನ್ಸಿಪಿಯಾ’ದಲ್ಲಿ ಅದಿದೆ. ಅವರ ಸೂತ್ರದಂತೆ 0 ಡಿಗ್ರಿಯಲ್ಲಿ ವೇಗ ಸುಮಾರು 280 ಮೀಟರ್ ಬರುತ್ತದೆ, ಅಳತೆಯಲ್ಲಿ ಸಿಗುವುದು 331 ಮೀಟರ್. ಗಾಳಿಯನ್ನು ಒತ್ತಿದಾಗ ಅದರ ಉಷ್ಣತೆ ಬದಲಾಗುವುದಿಲ್ಲ ಎಂದು ಅವರು ಭಾವಿಸಿದ್ದೇ ಈ ಕೊರತೆಗೆ ಕಾರಣ. ಸಂಪೀಡನ ಮತ್ತು ವಿರಳನಗಳು ಒಂದರ ಹಿಂದೊಂದು ಬರುವ ಅವಸರದಲ್ಲಿ ಒಂದರ ಶಾಖ ಇನ್ನೊಂದಕ್ಕೆ ಹರಿಯಲು ಬಿಡುವಿರುವುದಿಲ್ಲ. ಒತ್ತಿದ ಗಾಳಿ ಕೊಂಚ ಬಿಸಿಯಾಗಿಯೇ ಉಳಿದು, ಮತ್ತಷ್ಟು ಬಿರುಸಾಗಿ ಮರಳಿ ಒತ್ತುತ್ತದೆ ಎಂದು ತಿದ್ದಿದವರು ಫ್ರೆಂಚ್ ಗಣಿತಜ್ಞ ಲಾಪ್ಲಾಸ್. ಅವರ 1.4 ಎಂಬ ಗುಣಕದ ವರ್ಗಮೂಲವನ್ನು 280ಕ್ಕೆ ಗುಣಿಸಿದರೆ 331 ಸಿಗುತ್ತದೆ. ಮಗಳಿಗೆ ಕ್ಯಾಲ್ಕುಲೇಟರ್ ಕೊಟ್ಟು ಇದನ್ನು ಮಾಡಿಸಿ. ಭೌತಶಾಸ್ತ್ರದಲ್ಲಿ ಇಷ್ಟು ಅಗ್ಗವಾಗಿ ಸಿಗುವ ಖುಷಿ ಹೆಚ್ಚಿಲ್ಲ.

ಒಂದು ಎಚ್ಚರಿಕೆ. “ಸಾಂದ್ರತೆ ಹೆಚ್ಚಾದಷ್ಟೂ ಶಬ್ದದ ವೇಗ ಹೆಚ್ಚು” ಎಂಬ ವಾಕ್ಯ ಹಲವರ ಬಾಯಲ್ಲಿದೆ, ಅದು ತಪ್ಪು. ಹೀಲಿಯಂ ಗಾಳಿಗಿಂತ ಎಷ್ಟೋ ಹಗುರ, ಅದರಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸುಮಾರು 970 ಮೀಟರ್. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ, ಆದರೆ ಎರಡರಲ್ಲೂ ವೇಗ 1,450 ರಿಂದ 1,500 ಮೀಟರಿನ ಆಸುಪಾಸು. ಉಕ್ಕಿನ ಸಲಾಕೆಯಲ್ಲಿ ಶಬ್ದ ಸೆಕೆಂಡಿಗೆ 5,000 ಮೀಟರಿನಷ್ಟು ಓಡುವುದು ಅದು ಸಾಂದ್ರವಾಗಿರುವುದರಿಂದಲ್ಲ, ಸಾಂದ್ರತೆಯ ಹೊರೆಯನ್ನೂ ಮೀರಿಸುವಷ್ಟು ಗಡುಸಾಗಿರುವುದರಿಂದ.

ಉತ್ತರ 2

ವೇಗದ ಬಗ್ಗೆ ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ನಾನು ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ.

ನೇರ ಉತ್ತರ: ಒಂದೇ ಚಪ್ಪಾಳೆಗೆ ಒಂದು ಆವೃತ್ತಿ ಎಂಬುದಿಲ್ಲ. ಆವೃತ್ತಿ ಎಂಬ ಹೆಸರೇ ಹೇಳುವಂತೆ ಅದು ಮರುಕಳಿಸುವುದರ ಅಳತೆ. ಒಮ್ಮೆ ಮಾತ್ರ ನಡೆದದ್ದು ಸೆಕೆಂಡಿಗೆ ಎಷ್ಟು ಬಾರಿ ನಡೆಯಿತು ಎಂದು ಕೇಳಿದರೆ ಹೇಳುವುದೇನು? ಶಬ್ದವೆಂದರೆ ಅಲೆ ಅಲೆಯಾದ ಗೆರೆ ಎಂದು ಮೊದಲು ಕಲಿಸಿ, ಸ್ಪಂದವನ್ನು ಅದರ ಒಂದು ತುಣುಕು ಎಂಬಂತೆ ಆಮೇಲೆ ತೋರಿಸುವ ಕ್ರಮವೇ ಗೊಂದಲಕ್ಕೆ ಮೂಲ ಎನ್ನುವುದು ನನ್ನ ಅಭಿಪ್ರಾಯ. ಮಾಧ್ಯಮದಲ್ಲಿ ಒಂದು ಕಡೆ ಆದ ಕದಲಿಕೆ ಮುಂದಕ್ಕೆ ಸಾಗುವುದು ಮೂಲ ಸಂಗತಿ. ಆ ಕದಲಿಕೆ ಒಂದೇ ಸಲ ಆದರೆ ಸ್ಪಂದ, ಕ್ರಮವಾಗಿ ಮತ್ತೆ ಮತ್ತೆ ಆಗುತ್ತಿದ್ದರೆ ಆವೃತ್ತಿಯುಳ್ಳ ತರಂಗ.

ಆದರೂ ಚಪ್ಪಾಳೆಗೂ ಆವೃತ್ತಿಗೂ ಸಂಬಂಧವೇ ಇಲ್ಲವೆಂದಲ್ಲ. ಹಲವು ಆವೃತ್ತಿಗಳ ಶುದ್ಧ ಸ್ವರಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿ, ಒಂದು ಕ್ಷಣದಲ್ಲಿ ಅವೆಲ್ಲ ಒಟ್ಟಿಗೆ ಏಳುವಂತೆಯೂ ಉಳಿದ ಕಡೆ ಒಂದನ್ನೊಂದು ಅಳಿಸಿಕೊಳ್ಳುವಂತೆಯೂ ಹೊಂದಿಸಿದರೆ ನೀವು ಕಂಡಂಥ ಮುಳ್ಳು ಸಿದ್ಧವಾಗುತ್ತದೆ. ಮುಳ್ಳು ಕಿರಿದಾದಷ್ಟೂ ಬೇಕಾಗುವ ಆವೃತ್ತಿಗಳ ಹರವು ಹಿರಿದು. ಸ್ಥೂಲವಾಗಿ ಹೇಳುವುದಾದರೆ, 1 ಮಿಲಿಸೆಕೆಂಡಿನ ಸ್ಪಂದಕ್ಕೆ 1,000 ಹರ್ಟ್ಸ್‌ನಷ್ಟು ಹರವು ಬೇಕು, 0.1 ಮಿಲಿಸೆಕೆಂಡಿನದಕ್ಕೆ 10,000 ಹರ್ಟ್ಸ್. ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ ತಟ್ಟಿದರೆ ಸದ್ದು ಗಡಸಾಗದೆ ತಗ್ಗಿದಂತೆ ಕೇಳುವುದು ಆ ಹರವಿನಲ್ಲಿ ಕೆಳಗಿನ ಆವೃತ್ತಿಗಳ ಪಾಲು ಹೆಚ್ಚುವುದರಿಂದ. ಫೋನಿನಲ್ಲಿ ಆವೃತ್ತಿಗಳ ಹರವನ್ನು ತೋರಿಸುವ ಆ್ಯಪ್ ಹಾಕಿಕೊಂಡು ಎರಡೂ ಬಗೆಯ ಚಪ್ಪಾಳೆಯನ್ನು ಹೋಲಿಸಿ ನೋಡಬಹುದು.

ತರಂಗದ ಉದ್ದವನ್ನು ಗಾಳಿಯಲ್ಲಿ ನಿಲ್ಲಿಸಿ ನೋಡಿದಂತೆ ಊಹಿಸಿಕೊಂಡರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1,000 ಹರ್ಟ್ಸ್ ಸ್ವರದ ತರಂಗದೂರ 34 ಸೆಂಟಿಮೀಟರ್. ಆ ಸ್ವರವನ್ನು ಒಂದು ಸೆಕೆಂಡ್ ಕಾಲ ನುಡಿಸಿದರೆ ಗಾಳಿಯಲ್ಲಿ 343 ಮೀಟರ್ ಉದ್ದದ, ಸಾವಿರ ಸಂಪೀಡನಗಳಿರುವ ಮೆರವಣಿಗೆ ಹೊರಡುತ್ತದೆ; ಅದರ ಆವೃತ್ತಿಯನ್ನು ಒಂದು ಹರ್ಟ್ಸ್‌ನಷ್ಟು ನಿಖರವಾಗಿ ಹೇಳಬಹುದು. ಅದನ್ನೇ 2 ಮಿಲಿಸೆಕೆಂಡಿಗೆ ಕತ್ತರಿಸಿದರೆ 69 ಸೆಂಟಿಮೀಟರಿನ, ಎರಡೇ ಸಂಪೀಡನಗಳ ತುಂಡು ಉಳಿಯುತ್ತದೆ. ಕಿವಿಗೆ ಆಗ ಸ್ವರ ಕೇಳುವುದಿಲ್ಲ, ‘ಟಿಕ್’ ಎಂದಷ್ಟೇ ಕೇಳುತ್ತದೆ.

ಇಲ್ಲಿಂದ ಇನ್ನೊಂದು ಪ್ರಶ್ನೆ ಏಳಬೇಕು: ಚಪ್ಪಾಳೆಯಲ್ಲಿ ಇಷ್ಟೊಂದು ಆವೃತ್ತಿಗಳು ಅಡಗಿದ್ದರೆ, ಅವು ದಾರಿಯಲ್ಲಿ ಚದುರಿಹೋಗದೆ ದೂರದಲ್ಲಿ ನಿಂತವರಿಗೂ ಚಪ್ಪಾಳೆಯಾಗಿಯೇ ಕೇಳುವುದು ಹೇಗೆ? ಗಾಳಿಯಲ್ಲಿ ಎಲ್ಲ ಆವೃತ್ತಿಗಳೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಸಾಗುವುದೇ ಇದಕ್ಕೆ ಕಾರಣ. ಕೊಳಕ್ಕೆ ಒಂದು ಕಲ್ಲು ಹಾಕಿ ನೋಡಿ. ಒಂದೇ ಪೆಟ್ಟಿಗೆ ಹತ್ತಾರು ಬಳೆಗಳು ಎದ್ದು, ಬೇರೆ ಬೇರೆ ತರಂಗದೂರದವು ಬೇರೆ ಬೇರೆ ವೇಗದಲ್ಲಿ ಹರಡಿಕೊಳ್ಳುತ್ತವೆ. ಗಾಳಿಯೂ ನೀರಿನ ಮೇಲ್ಮೈಯಂತೆ ವರ್ತಿಸಿದ್ದರೆ ದೂರದ ಮಾತು ಅರ್ಥವಾಗುತ್ತಿರಲಿಲ್ಲ, ವಾದ್ಯಗೋಷ್ಠಿಯ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ತಾಳವೂ ರಾಗವೂ ಬೇರೆ ಬೇರೆ ಹೊತ್ತಿಗೆ ತಲುಪುತ್ತಿದ್ದವು. ಗಾಳಿ ಮಾಡುವ ತಾರತಮ್ಯ ವೇಗದಲ್ಲಲ್ಲ, ಹೀರಿಕೊಳ್ಳುವುದರಲ್ಲಿ: ಮೇಲಿನ ಆವೃತ್ತಿಗಳು ದಾರಿಯಲ್ಲಿ ಬೇಗ ಸೊರಗುತ್ತವೆ. ಹತ್ತಿರದ ಸಿಡಿಲು ಚಟಾರನೆ ಸೀಳಿದಂತೆ ಕೇಳಿ, ದೂರದ ಗುಡುಗು ಗುಡುಗುಡು ಎಂದು ಉರುಳುವುದಕ್ಕೆ ಇದೂ ಒಂದು ಕಾರಣ. ಮಿಂಚಿನ ಉದ್ದನೆಯ ದಾರಿಯ ಬೇರೆ ಬೇರೆ ಭಾಗಗಳಿಂದ ಸದ್ದು ಬೇರೆ ಬೇರೆ ಹೊತ್ತಿಗೆ ಬರುವುದು ಇನ್ನೊಂದು.

ಉತ್ತರ 3

ಗೋಡೆಯ ಪ್ರಶ್ನೆಗೆ ಉತ್ತರ ನಿಮ್ಮ ಸ್ಲಿಂಕಿಯಲ್ಲೇ ಇತ್ತು, ನೀವು ಅದನ್ನು ಬರೆದೂ ಇದ್ದೀರಿ: ಒತ್ತೊತ್ತಾದ ಜಾಗ ಮಗಳ ಕೈಯಿಂದ ಮರಳಿದಾಗಲೂ ಒತ್ತೊತ್ತಾಗಿಯೇ ಇತ್ತು. ಅದು ಹಿಗ್ಗಿದ ಜಾಗವಾಗಿ ಬದಲಾಗಲಿಲ್ಲ. ಗೋಡೆಯಿಂದ ಮರಳುವ ಸಂಪೀಡನವೂ ಸಂಪೀಡನವೇ.

ಹಾಗಾದರೆ ಹಗ್ಗದ ಪಾಠ ಸುಳ್ಳೇ? ಅಲ್ಲ. ಹಗ್ಗದಲ್ಲಿ ನಾವು ನೋಡುವುದು ಸ್ಥಾನಪಲ್ಲಟವನ್ನು, ಸಂಪೀಡನ ಎನ್ನುವಾಗ ಹೇಳುವುದು ಒತ್ತಡವನ್ನು. ಇವೆರಡನ್ನೂ ಬೆರೆಸಿದಾಗ ಗೊಂದಲವಾಗುತ್ತದೆ. ಸ್ಲಿಂಕಿಯ ನಡುವಿನ ಒಂದು ಸುತ್ತಿಗೆ ಬಣ್ಣದ ದಾರ ಕಟ್ಟಿ, ಮೊದಲಿನಂತೆಯೇ ತಳ್ಳಿ ಹಿಡಿಯಿರಿ. ಸ್ಪಂದ ಹೋಗುವಾಗ ದಾರ ಮಗಳ ಕಡೆಗೆ ತುಸು ಸರಿದು ಅಲ್ಲೇ ನಿಲ್ಲುತ್ತದೆ. ಸ್ಪಂದ ಮರಳುವಾಗ ದಾರವೂ ನಿಮ್ಮ ಕಡೆಗೆ ಮರಳುತ್ತದೆ. ಚಲನೆಯ ದಿಕ್ಕು ತಿರುಗಿತು, ಹಗ್ಗದ ಪಾಠ ಹೇಳುವುದು ಇದನ್ನು. ಆದರೆ ಸ್ಪಂದ ಸಾಗುವ ದಿಕ್ಕೂ ತಿರುಗಿದೆ. ಸ್ಪಂದ ಯಾವ ಕಡೆ ಸಾಗುತ್ತಿದೆಯೋ ಸುತ್ತುಗಳೂ ಅದೇ ಕಡೆ ಸರಿಯುತ್ತಿದ್ದರೆ ಅದು ಸಂಪೀಡನ, ವಿರುದ್ಧವಾಗಿ ಸರಿಯುತ್ತಿದ್ದರೆ ವಿರಳನ. ಎರಡೂ ತಿರುಗಿದ್ದರಿಂದ ಸಂಪೀಡನ ಸಂಪೀಡನವಾಗಿಯೇ ಉಳಿಯಿತು. ಗಟ್ಟಿ ಗೋಡೆಯ ಮೈಗೆ ಹತ್ತಿಕೊಂಡಂತೆ, ಬರುವ ಮತ್ತು ಮರಳುವ ಸಂಪೀಡನಗಳು ಕೂಡಿಕೊಂಡು ಒತ್ತಡದ ಏರಿಳಿತ ಇಮ್ಮಡಿಯಾಗುತ್ತದೆ ಎಂಬುದೂ ಇದರಿಂದಲೇ ಹೊರಡುತ್ತದೆ.

ಸಂಪೀಡನ ವಿರಳನವಾಗಿ ಮರಳುವ ಜಾಗ ಬೇರೆಯೇ ಇದೆ: ಕೊಳವೆಯ ತೆರೆದ ಬಾಯಿ. ಕೊಳವೆಯೊಳಗೆ ಓಡಿಬಂದ ಸಂಪೀಡನಕ್ಕೆ ಬಾಯಿಯ ಹೊರಗೆ ಎದುರಿನಿಂದ ಒತ್ತಿ ಹಿಡಿಯುವವರಿಲ್ಲ. ಗಾಳಿ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಹೊರಕ್ಕೆ ನುಗ್ಗಿ, ಹಿಂದೆ ಒಂದು ಕೊರತೆಯನ್ನು ಬಿಟ್ಟುಹೋಗುತ್ತದೆ. ಆ ಕೊರತೆಯೇ ವಿರಳನವಾಗಿ ಒಳಕ್ಕೆ ಸಾಗುತ್ತದೆ. ಅಡ್ಡ ಬಂದದ್ದು ಗೋಡೆಯಲ್ಲ, ಖಾಲಿ ಜಾಗ; ಆದರೂ ಪ್ರತಿಧ್ವನಿ ಬರುತ್ತದೆ. ಮಾಧ್ಯಮ ಒಮ್ಮೆಲೇ ಬದಲಾಗುವ ಎಲ್ಲ ಕಡೆಯೂ ಇಂಥದ್ದು ನಡೆಯುತ್ತದೆ. ಗಾಳಿಯಿಂದ ನೀರಿಗೆ ನೇರವಾಗಿ ಬಡಿದ ಶಬ್ದದ ಶಕ್ತಿಯಲ್ಲಿ ಒಳಹೋಗುವುದು ಸಾವಿರದಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಮರಳುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವಾಗ ಚರ್ಮಕ್ಕೆ ಜೆಲ್ ಹಚ್ಚುವುದು ನಡುವೆ ಗಾಳಿಯ ಪದರ ಉಳಿಯದಿರಲಿ ಎಂದು. ಆ ಯಂತ್ರವೂ ಎರಡು ಮೂರು ಆವರ್ತಗಳಷ್ಟೇ ಇರುವ ಚಿಕ್ಕ ಸ್ಪಂದಗಳನ್ನು ಕಳುಹಿಸಿ, ದೇಹದಲ್ಲಿ ವೇಗ ಸೆಕೆಂಡಿಗೆ 1,540 ಮೀಟರ್ ಎಂದು ಹಿಡಿದು, ಮರಳಲು ಬೇಕಾದ ಪ್ರತಿ 13 ಮೈಕ್ರೊಸೆಕೆಂಡಿಗೆ ಒಂದು ಸೆಂಟಿಮೀಟರ್ ಆಳ ಎಂದು ಲೆಕ್ಕ ಹಾಕುತ್ತದೆ.

ತೆರೆದ ಬಾಯಿಯ ಮಾತನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಸುಮಾರು ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆಯ ಒಂದು ಬಾಯಿಗೆ ಅಂಗೈಯಿಂದ ಹೊಡೆಯಿರಿ. ಮೊದಲ ಸಲ ಹೊಡೆದ ಕೂಡಲೇ ಕೈ ತೆಗೆಯಿರಿ, ಎರಡನೆಯ ಸಲ ಕೈಯನ್ನು ಅಲ್ಲೇ ಒತ್ತಿ ಹಿಡಿಯಿರಿ. ಎರಡರ ಶ್ರುತಿ ಬೇರೆ ಬೇರೆ ಇರುತ್ತದೆ. ಎಷ್ಟು ಬೇರೆ, ಏಕೆ ಎಂಬುದನ್ನು ಮಗಳು ಸ್ಪಂದವನ್ನೇ ಹಿಂಬಾಲಿಸಿ ಹೇಳಲಿ, ನಾನು ಬರೆಯುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಧನ್ಯವಾದಗಳು. ದಾರ ಕಟ್ಟಿದ ಸ್ಲಿಂಕಿ ತಾವು ಹೇಳಿದಂತೆಯೇ ನಡೆದುಕೊಂಡಿತು. ಕೊಳವೆಯ ಪ್ರಯೋಗವನ್ನೂ ಮಾಡಿದೆವು. ಕೈ ಒತ್ತಿ ಹಿಡಿದಾಗ ಬಂದ ಸದ್ದು, ಕೈ ತೆಗೆದಾಗ ಬಂದದ್ದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ, ಅಂದರೆ ಅರ್ಧ ಆವೃತ್ತಿಯಲ್ಲಿ, ಇದ್ದಂತೆ ಕೇಳಿತು.

ಮಗಳು ಕಾಗದದ ಮೇಲೆ ಕೊಳವೆ ಬರೆದು, ಸಂಪೀಡನಕ್ಕೆ ಕೆಂಪು, ವಿರಳನಕ್ಕೆ ನೀಲಿ ಬಾಣ ಹಾಕುತ್ತಾ ಹೋದಳು. ಎರಡೂ ಬಾಯಿ ತೆರೆದಿದ್ದರೆ ಕೆಂಪು ಆ ತುದಿಯಲ್ಲಿ ನೀಲಿಯಾಗಿ, ಈ ತುದಿಯಲ್ಲಿ ಮತ್ತೆ ಕೆಂಪಾಗಿ, ಕೊಳವೆಯ ಎರಡು ಉದ್ದದಷ್ಟು ಓಡಿದ ಮೇಲೆ ಮೊದಲಿನ ಸ್ಥಿತಿಗೆ ಬರುತ್ತದೆ. ಒಂದು ಬಾಯಿ ಮುಚ್ಚಿದ್ದರೆ ಬಣ್ಣ ಬದಲಾಗುವುದು ತೆರೆದ ತುದಿಯಲ್ಲಿ ಮಾತ್ರ. ಎರಡು ಉದ್ದ ಓಡಿದಾಗ ಇನ್ನೂ ನೀಲಿಯಾಗಿಯೇ ಇರುವುದರಿಂದ, ಕೆಂಪಾಗಿ ಮರಳಲು ನಾಲ್ಕು ಉದ್ದ ಓಡಬೇಕು. ಆದ್ದರಿಂದ ಮರುಕಳಿಸುವ ಸಮಯ ಇಮ್ಮಡಿ, ಆವೃತ್ತಿ ಅರ್ಧ. “ಒಂದೇ ಪೆಟ್ಟಿಗೆ ಆವೃತ್ತಿ ಇಲ್ಲ, ಕೊಳವೆ ಅದನ್ನು ಓಡಾಡಿಸಿ ಆವೃತ್ತಿ ಕೊಡುತ್ತದೆ” ಎಂದು ಅವಳೇ ಹೇಳಿದಳು.

ಲೆಕ್ಕದಲ್ಲಿ ಮಾತ್ರ ಚಿಕ್ಕ ವ್ಯತ್ಯಾಸ ಬಂದಿದೆ. ಕೊಳವೆ ಸರಿಯಾಗಿ 1 ಮೀಟರ್, ಒಳವ್ಯಾಸ 4 ಸೆಂಟಿಮೀಟರ್. ಕೋಣೆಯ ಉಷ್ಣತೆ 27 ಡಿಗ್ರಿ, ಹಾಗಾಗಿ ವೇಗ 347 ಮೀಟರ್ ಎಂದು ಹಿಡಿದೆವು. ಬರಬೇಕಾದದ್ದು 173.5 ಮತ್ತು 86.75 ಹರ್ಟ್ಸ್, ಶ್ರುತಿ ನೋಡುವ ಆ್ಯಪ್ ತೋರಿಸಿದ್ದು ಸುಮಾರು 169 ಮತ್ತು 86. ಆ್ಯಪ್ ತಪ್ಪೇ, ನಾವು ತಪ್ಪೇ?

ಉತ್ತರ 3 ಬರೆದವರಿಂದ

ಇಬ್ಬರೂ ತಪ್ಪಲ್ಲ. ಸ್ಪಂದ ತೆರೆದ ಬಾಯಿಯ ಅಂಚಿನಲ್ಲೇ ಗಕ್ಕನೆ ತಿರುಗುವುದಿಲ್ಲ. ಹೊರಗಿನ ಗಾಳಿಯಲ್ಲೂ ಒಂದಿಷ್ಟು ದೂರ ನುಗ್ಗಿ ತಿರುಗುತ್ತದೆ. ಆ ಹೆಚ್ಚುವರಿ ದೂರ ಪ್ರತಿ ತೆರೆದ ಬಾಯಿಗೆ ಒಳತ್ರಿಜ್ಯದ ಸುಮಾರು 0.6 ಪಾಲು, ನಿಮ್ಮ ಕೊಳವೆಗೆ 1.2 ಸೆಂಟಿಮೀಟರ್. ಎರಡೂ ತೆರೆದಿದ್ದಾಗ ಉದ್ದ 1.024 ಮೀಟರ್ ಎಂದು ಹಿಡಿದರೆ 169.4 ಹರ್ಟ್ಸ್, ಒಂದೇ ತೆರೆದಿದ್ದಾಗ 1.012 ಮೀಟರ್ ಎಂದು ಹಿಡಿದರೆ 85.7 ಹರ್ಟ್ಸ್. ಇವೆರಡರ ಅನುಪಾತ ಎರಡಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಅಂದರೆ ಕೇಳಿಸಿದ್ದು ಸರಿಯಾಗಿ ಒಂದು ಸ್ಥಾಯಿಯೂ ಅಲ್ಲ. ಮಗಳ ಕೆಂಪು ನೀಲಿ ಬಾಣಗಳನ್ನು ಬಾಯಿಯ ಹೊರಕ್ಕೆ ಸ್ವಲ್ಪ ಚಾಚಿ ಬರೆಯಲು ಹೇಳಿ.

ಉತ್ತರ 4

ತಡವಾಗಿ ಬಂದು ಒಂದು ತಕರಾರು ಸೇರಿಸುತ್ತೇನೆ, ಕ್ಷಮೆಯಿರಲಿ. ಜೋರಿಗೂ ವೇಗಕ್ಕೂ ಸಂಬಂಧವಿಲ್ಲ ಎಂಬ ಮೊದಲ ಉತ್ತರ ದಿನಬಳಕೆಯ ಶಬ್ದಗಳಿಗೆ ಸರಿ, ಪೂರ್ಣ ಸತ್ಯವಲ್ಲ. ಸಂಪೀಡನದೊಳಗಿನ ಗಾಳಿ ಸುತ್ತಲಿನದಕ್ಕಿಂತ ಬಿಸಿ, ಜೊತೆಗೆ ಅದು ಸ್ವತಃ ಮುಂದಕ್ಕೆ ಚಲಿಸುತ್ತಿರುತ್ತದೆ. ಹೀಗಾಗಿ ಸಂಪೀಡನದ ತುದಿ ಓಲಾಟದ ವೇಗದ 1.2 ಪಟ್ಟಿನಷ್ಟು ಹೆಚ್ಚಿನ ವೇಗದಲ್ಲಿ ಸಾಗುತ್ತದೆ. ಕೂಗಿನಲ್ಲಿ ಓಲಾಟದ ವೇಗ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಆಗಿರುವಾಗ 343 ಮೀಟರಿಗೆ ಅದನ್ನು ಕೂಡಿಸಿದರೂ ಬಿಟ್ಟರೂ ಒಂದೇ. ಸ್ಫೋಟದಲ್ಲಿ ಹಾಗಲ್ಲ, ಅಲ್ಲಿ ಒತ್ತಡದ ಏರಿಕೆ ವಾತಾವರಣದ ಒತ್ತಡಕ್ಕೆ ಸರಿಸಮನಾಗಿ ಅಥವಾ ಅದನ್ನೂ ಮೀರಿ, ಹಿಂದಿನ ಗಾಳಿ ಮುಂದಿನದನ್ನು ಹಿಂದಿಕ್ಕಲು ಹೋಗಿ, ಸ್ಪಂದದ ಮುಂಭಾಗ ಕಡಿದಾದ ಗೋಡೆಯಂತೆ ನಿಲ್ಲುತ್ತದೆ. ಅದು ಆಘಾತ ತರಂಗ, ಶಬ್ದಕ್ಕಿಂತ ವೇಗವಾಗಿ ಓಡುತ್ತದೆ. ದೂರ ಸಾಗಿ ಬಲಗುಂದಿದ ಮೇಲೆ ಅದೂ ಸಾಮಾನ್ಯ ಶಬ್ದವಾಗಿ ಅದೇ ವೇಗಕ್ಕೆ ಇಳಿಯುತ್ತದೆ. ಆದ್ದರಿಂದ ಮಗಳು ಕೇಳಿದ್ದು ಅಸಂಬದ್ಧ ಪ್ರಶ್ನೆಯಾಗಿರಲಿಲ್ಲ. ಅವಳು ಸಾಕಷ್ಟು ಜೋರಾಗಿ ಕೂಗಲಾರಳು, ಅಷ್ಟೇ.